ಹೆಚ್ಚು ಉಲ್ಲೇಖ ಪಡೆಯುವ ವ್ಯವಸ್ಥಿತ ಸಾಹಿತ್ಯ ಸಮೀಕ್ಷೆ: ತುಂಗಭದ್ರಾ ಸೀಮೆಯ ಸಂಶೋಧಕರಿಗೆ

ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಮೊದಲೇ ಬರೆದಿಟ್ಟ ವಿಧಾನದಂತೆ ಹುಡುಕಿ, ಆರಿಸಿ, ಒಟ್ಟುಗೂಡಿಸುವುದೇ ವ್ಯವಸ್ಥಿತ ಸಮೀಕ್ಷೆ. ಅಂಥ ಪ್ರಬಂಧವನ್ನು ಬೇರೆಯವರು ಉಲ್ಲೇಖಿಸುವುದು ಅದರಲ್ಲಿ ತಮಗೆ ಬೇಕಾದ ಅಂಕಿಯೋ ಕೋಷ್ಟಕವೋ ಸಿಕ್ಕಿದಾಗ, ಅದನ್ನು ನಂಬಬಹುದು ಅನ್ನಿಸಿದಾಗ.

'ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು' ಎಂಬುದು ವಿಷಯ, ಪ್ರಶ್ನೆಯಲ್ಲ. 'ನೀರಾವರಿಯ ಎರೆ ಭೂಮಿಯಲ್ಲಿ ನೆಲದೊಳಗೆ ಬಸಿಗಾಲುವೆ ಕೊಳವೆ ಹಾಕಿದರೆ, ಹಾಕದ ಹೊಲಕ್ಕಿಂತ ಭತ್ತದ ಇಳುವರಿ ಎಷ್ಟು ಹೆಚ್ಚುತ್ತದೆ?' ಎಂಬುದು ಪ್ರಶ್ನೆ. ಗಂಗಾವತಿ, ಸಿಂಧನೂರಿಗಷ್ಟೇ ಸೀಮಿತಗೊಳಿಸಿದರೆ ಓದುಗರು ಬೆರಳೆಣಿಕೆಯಷ್ಟು. ಒಣ ಸೀಮೆಯ ಎಲ್ಲ ಎರೆ ಭೂಮಿಯನ್ನೂ ತೆಗೆದುಕೊಂಡು, ನಮ್ಮ ಭಾಗವನ್ನು ಒಳಗುಂಪಾಗಿ ಬೇರೆ ತೋರಿಸಿದರೆ ಹೊರದೇಶದವರಿಗೂ ಅದು ಬೇಕಾಗುತ್ತದೆ. ಇದೇ ಪ್ರಶ್ನೆಯನ್ನು ಯಾರಾದರೂ ಈಗಾಗಲೇ ಕೈಗೆತ್ತಿಕೊಂಡಿದ್ದಾರೆಯೇ ಎಂದು ಮೊದಲೇ ನೋಡಿ, ಕಾರ್ಯವಿಧಾನವನ್ನು ನೋಂದಾಯಿಸಿ. ಪ್ರಾಸ್ಪೆರೊ ಎಂಬ ಸಮೀಕ್ಷಾ ನೋಂದಣಿ ತಾಣ ಆರೋಗ್ಯಕ್ಕೆ ಸಂಬಂಧಿಸಿದ್ದನ್ನಷ್ಟೇ ತೆಗೆದುಕೊಳ್ಳುತ್ತದೆ. ಕೃಷಿಯವರಿಗೆ ಮುಕ್ತ ತಾಣವಾದ ಓಪನ್ ಸೈನ್ಸ್ ಫ್ರೇಮ್‌ವರ್ಕ್ ಸಾಕು.

ಹುಡುಕಾಟದಲ್ಲಿ ನಮ್ಮವರು ಎಡವುವುದು ಊರಿನ ಹೆಸರಲ್ಲಿ. ಬಳ್ಳಾರಿಯ ಇಂಗ್ಲಿಷ್ ಹೆಸರು 2014ರಲ್ಲಿ ಬದಲಾಯಿತು; ಹಳೆಯ ಪ್ರಬಂಧಗಳಲ್ಲಿ 'ಬೆಲ್ಲರಿ' ಎಂದೇ ಇದೆ. ಕೊಪ್ಪಳ 1997ರಲ್ಲಿ ಜಿಲ್ಲೆಯಾದ್ದರಿಂದ ಅದಕ್ಕೂ ಮುಂಚಿನ ಗಂಗಾವತಿ ಪ್ರಯೋಗಗಳು ರಾಯಚೂರು ಜಿಲ್ಲೆಯ ಲೆಕ್ಕದಲ್ಲಿವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಗಂಗಾವತಿ, ಸಿಂಧನೂರುಗಳ ಇಂಗ್ಲಿಷ್ ಕಾಗುಣಿತವೂ ಒಂದೇ ಥರ ಇಲ್ಲ. ಎಲ್ಲ ರೂಪಗಳನ್ನೂ 'ಅಥವಾ' (OR) ಕೊಂಡಿಯಿಂದ ಜೋಡಿಸಿ. ಪ್ರಬಂಧಗಳ ದತ್ತಸಂಚಯಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್, ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ ಜೊತೆಗೆ ಶೋಧಗಂಗಾ, ಕೃಷಿಕೋಶ ಎಂಬ ಭಾರತೀಯ ಭಂಡಾರಗಳ ಥೀಸಿಸ್‌ಗಳನ್ನೂ ಜಾಲಾಡಿ. ಪರಿಣಾಮ ಕಾಣದ ಪ್ರಯೋಗಗಳು ಎಷ್ಟೋ ಸಲ ಥೀಸಿಸ್‌ನಲ್ಲೇ ಉಳಿದಿರುತ್ತವೆ. ಅವನ್ನು ಬಿಟ್ಟರೆ ಸರಾಸರಿ ಲಾಭ ಉಬ್ಬುತ್ತದೆ. ಪ್ರತಿ ಹುಡುಕಾಟದ ಪೂರ್ತಿ ಸಾಲು, ದಿನಾಂಕ, ಸಿಕ್ಕ ಸಂಖ್ಯೆಯನ್ನು ಅಂದೇ ಬರೆದಿಡಿ. ಆಮೇಲೆ ನೆನಪಿನಿಂದ ಬರೆದದ್ದು ತಾಳೆಯಾಗುವುದಿಲ್ಲ.

ಸಿಕ್ಕ ಪ್ರಬಂಧಗಳ ಆಯ್ಕೆಗೆ ಇಬ್ಬರು ಬೇಕು, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣದಂತೆ. ಮೊದಲು 50 ಸಾರಾಂಶಗಳಲ್ಲಿ ಪ್ರಯತ್ನಿಸಿ. ಇಬ್ಬರ ತೀರ್ಮಾನ ಎಷ್ಟು ಹೊಂದುತ್ತದೆ ಎಂದು ಅಳೆಯುವ ಕಪ್ಪಾ ಮೌಲ್ಯ 0.6ಕ್ಕಿಂತ ಕೆಳಗಿದ್ದರೆ ಜೊತೆಗಾರರನ್ನು ದೂರಬೇಡಿ, ಸೇರ್ಪಡೆಯ ನಿಯಮ ತಿದ್ದಿ.

ಹೆಚ್ಚಿನ ಸಮಯ ಇಡಬೇಕಾದದ್ದು ದತ್ತಾಂಶ ಕೋಷ್ಟಕಕ್ಕೆ. ಜನ ಉಲ್ಲೇಖಿಸುವುದು ಅದನ್ನೇ. ಇಳುವರಿಯನ್ನು ಒಂದೇ ಮಾನಕ್ಕೆ ತನ್ನಿ: ಎಕರೆಗೆ 1 ಕ್ವಿಂಟಲ್ ಅಂದರೆ ಹೆಕ್ಟೇರಿಗೆ 0.247 ಟನ್. ಲವಣದ ಪ್ರಮಾಣ ತೋರಿಸುವ ಮಣ್ಣಿನ ವಿದ್ಯುತ್ ವಾಹಕತೆಯಲ್ಲಿ ಹುಷಾರು. ನಮ್ಮ ಪ್ರಯೋಗಾಲಯಗಳ ಅಳತೆ ಹೆಚ್ಚಾಗಿ 1:2.5 ಮಣ್ಣು-ನೀರಿನ ಮಿಶ್ರಣದ್ದು. ಬೆಳೆಯ ಲವಣ ಸಹಿಷ್ಣುತೆಯ ಅಂತರರಾಷ್ಟ್ರೀಯ ಪಟ್ಟಿಗಳು ಸಂತೃಪ್ತ ಮಣ್ಣಿನ, ಅಂದರೆ ನೀರಿನಿಂದ ಪೂರ್ತಿ ತೋಯಿಸಿದ ಮಣ್ಣಿನಿಂದ ತೆಗೆದ, ರಸದ್ದು. ನೀರು ಹೆಚ್ಚಿದ್ದಷ್ಟೂ ಲವಣ ತೆಳುವಾಗಿ ಅಂಕಿ ಇಳಿಯುತ್ತದೆ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಹಾಕಿದರೆ ಸವಳು ಹೊಲವೂ ಒಳ್ಳೆಯ ಹೊಲವಾಗಿ ಕಾಣುತ್ತದೆ. ಪರಿವರ್ತನೆ ಮಣ್ಣಿನ ಕಣರಚನೆಯ ಮೇಲೆ ನಿಂತಿದೆ. ಅದು ಗೊತ್ತಿಲ್ಲದಿದ್ದರೆ ಬೇರೆ ಕಾಲಮ್ಮಿನಲ್ಲೇ ಇಡಿ.

ಇನ್ನೊಂದು ಗುಂಡಿ: ಕೃಷಿ ಪ್ರಬಂಧಗಳಲ್ಲಿ ಪ್ರಮಾಣ ವಿಚಲನೆ (ಅಂಕಿಗಳ ಚದುರುವಿಕೆಯ ಅಳತೆ) ಸಿಗುವುದು ಅಪರೂಪ, ಎಸ್‌ಇಎಂ (ಸರಾಸರಿಯ ಪ್ರಮಾಣ ದೋಷ) ಮತ್ತು ಸಿಡಿ (ಎರಡು ಸರಾಸರಿಗಳ ನಡುವಿನ ನಿರ್ಣಾಯಕ ವ್ಯತ್ಯಾಸ) ಇರುತ್ತವೆ. ಎಸ್‌ಇಎಂ ಅನ್ನು ಪುನರಾವರ್ತನೆಗಳ ವರ್ಗಮೂಲದಿಂದ ಗುಣಿಸಿ: ಎಸ್‌ಇಎಂ 1.5, ಪುನರಾವರ್ತನೆ 4 ಇದ್ದರೆ ವಿಚಲನೆ 3. ಸಿಡಿ ಮಾತ್ರ ಇದ್ದರೆ ಟಿ ಕೋಷ್ಟಕದ ಮೌಲ್ಯದಿಂದಲೂ 2ರ ವರ್ಗಮೂಲವಾದ 1.414ರಿಂದಲೂ ಭಾಗಿಸಿದರೆ ಎಸ್‌ಇಎಂ ಬರುತ್ತದೆ. ಎಸ್‌ಇಎಂ ಅನ್ನೇ ವಿಚಲನೆ ಎಂದು ಹಾಕಿಬಿಟ್ಟರೆ ಮೇಲಿನ ಪ್ರಯೋಗಕ್ಕೆ ಮೆಟಾ ವಿಶ್ಲೇಷಣೆಯಲ್ಲಿ (ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸುವ ಲೆಕ್ಕದಲ್ಲಿ) ಇರಬೇಕಾದದ್ದಕ್ಕಿಂತ ನಾಲ್ಕು ಪಟ್ಟಿನವರೆಗೂ ತೂಕ ಬೀಳುತ್ತದೆ. 'ಹತ್ತರಲ್ಲಿ ಏಳು ಪ್ರಯೋಗ ಯಶಸ್ವಿ' ಎಂಬ ಎಣಿಕೆಯಂತೂ ಬೇಡ. ಲಾಭ ಎಷ್ಟೆಂದು ಅದು ಹೇಳುವುದೇ ಇಲ್ಲ.

ವರದಿಗೆ ಪ್ರಿಸ್ಮಾ 2020 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ 27 ಅಂಶಗಳನ್ನು ಅನುಸರಿಸಿ. ಶೀರ್ಷಿಕೆಯಲ್ಲೇ 'ವ್ಯವಸ್ಥಿತ ಸಮೀಕ್ಷೆ' ಎಂದಿರಲಿ. ಸಾರಾಂಶದಲ್ಲಿ ಮುಖ್ಯ ಅಂಕಿ ಅದರ ವಿಶ್ವಾಸ ವ್ಯಾಪ್ತಿಯೊಂದಿಗೆ (ನಿಜ ಮೌಲ್ಯ ಇರಬಹುದಾದ ಮಿತಿಗಳೊಂದಿಗೆ) ಬರಲಿ. ಸಾರಾಂಶ ದಾಟದ ಓದುಗರೇ ಜಾಸ್ತಿ. 'ಹೆಚ್ಚಿನ ಸಂಶೋಧನೆ ಅಗತ್ಯ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಮಣ್ಣು, ಕೊಳವೆಗಳ ನಡುವೆ ಎಷ್ಟು ಅಂತರ, ಎಷ್ಟು ವರ್ಷದ ಪ್ರಯೋಗ ಇನ್ನೂ ನಡೆದಿಲ್ಲ ಎಂದು ಬರೆಯಿರಿ. ಮುಂದಿನ ಪಿಎಚ್‌ಡಿ ವಿದ್ಯಾರ್ಥಿ ತನ್ನ ಪ್ರಸ್ತಾವನೆಯಲ್ಲಿ ಆ ಸಾಲನ್ನೇ ಉಲ್ಲೇಖಿಸುತ್ತಾನೆ. ಕೋಷ್ಟಕದ ಮೂಲ ಕಡತವನ್ನು ಜೆನೊಡೊ ಎಂಬ ಮುಕ್ತ ದತ್ತಾಂಶ ಭಂಡಾರದಲ್ಲಿ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಸಮೇತ ಇಡಿ. ಪತ್ರಿಕೆಗೆ ಕಳಿಸುವ ಹೊತ್ತಿಗೆ ಹುಡುಕಾಟಕ್ಕೆ ವರ್ಷ ದಾಟಿದ್ದರೆ ಅದೇ ಸಾಲುಗಳನ್ನು ಮತ್ತೊಮ್ಮೆ ಓಡಿಸಿ.