ಹೋಲ್‌ಸೇಲ್ ಡೀಲಲ್ಲಿ ಕೈಗೆ ಎಷ್ಟು ಉಳಿಯತ್ತೆ: ನನ್ನ ಲೆಕ್ಕ

ಡಲ್ಲಾಸ್ ಕಡೆ ಹಳೇ ಮನೆಗಳ ಹೋಲ್‌ಸೇಲಿಂಗ್ ಮಾಡ್ತೀನಿ, ಅಂದ್ರೆ ಮಾರೋರ ಜೊತೆ ಅಗ್ರಿಮೆಂಟ್ ಮಾಡ್ಕೊಂಡು ಮನೆ ರಿಪೇರಿ ಮಾಡಿ ಮಾರೋ ಪಾರ್ಟಿಗೆ ಆ ಅಗ್ರಿಮೆಂಟನ್ನೇ ಅಸೈನ್ ಮಾಡೋದು (ವರ್ಗಾಯಿಸೋದು), ನನಗೆ ಸಿಗೋದು ಅಸೈನ್‌ಮೆಂಟ್ ಫೀ ಅಷ್ಟೇ. ನಾನು ಮಾರ್ತಿರೋದು ಮನೆ ಅಲ್ಲ, ಕಾಂಟ್ರ್ಯಾಕ್ಟಿನ ಹಕ್ಕು ಅಂತ ಪಾರ್ಟಿಗೆ ತಿಳಿಸ್ಲೇಬೇಕು, 2017ರಿಂದ ಟೆಕ್ಸಾಸ್‌ನಲ್ಲಿ ಇದು ಕಾನೂನು.

ಮೊದಲು ನೋಡೋದು ರಿಪೇರಿ ಆದ್ಮೇಲೆ ಮನೆ ಎಷ್ಟಕ್ಕೆ ಹೋಗತ್ತೆ ಅಂತ, ಅದೇ ಎ.ಆರ್.ವಿ. ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಲಿ ಸಿಗಲ್ಲ, ಹಾಗಾಗಿ ಪರಿಚಯದ ಏಜೆಂಟ್ ಹತ್ರ ಎಂ.ಎಲ್.ಎಸ್. (ಏಜೆಂಟ್‌ಗಳು ಮನೆ ಮಾರಾಟದ ವಿವರ ಹಂಚ್ಕೊಳ್ಳೋ ಪಟ್ಟಿ) ರಿಪೋರ್ಟ್ ತರಿಸ್ತೀನಿ, ಅರ್ಧ ಮೈಲಿ ಒಳಗೆ ಆರು ತಿಂಗಳಲ್ಲಿ ಮಾರಿರೋ ಮನೆ ಮಾತ್ರ. 2,80,000 ಡಾಲರ್ ಬಂತು ಅಂದ್ಕೊಳ್ಳಿ, ಅದರ 70 ಪರ್ಸೆಂಟ್ 1,96,000, ಪಾರ್ಟಿ ಕೊಡೋ ಬೆಲೆ, ರಿಪೇರಿ ಎರಡೂ ಇದರೊಳಗೆ ಮುಗಿಬೇಕು, ಉಳಿದ 30ರಲ್ಲಿ ಪಾರ್ಟಿಯ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ಕಮಿಷನ್, ಅವರ ಲಾಭ ಎಲ್ಲಾ ಬರ್ಬೇಕು.

ಇನ್ನು ರಿಪೇರಿ, ಇಲ್ಲೇ ಡೀಲ್ ಉಳಿಯೋದು ಇಲ್ಲಾ ಮುಳುಗೋದು. ಇಲ್ಲಿನ ನೆಲ ನಮ್ಮ ಧಾರವಾಡ ಕಡೆ ಇರೋ ಎರೆಮಣ್ಣಿನ ಥರದ್ದೇ, ಮಳೆಗೆ ಉಬ್ಬತ್ತೆ ಬೇಸಿಗೆಗೆ ಬಿರಿಯತ್ತೆ, ಅದ್ರ ಮೇಲಿರೋ ಸ್ಲ್ಯಾಬೂ (ಮನೆ ನಿಂತಿರೋ ಕಾಂಕ್ರೀಟ್ ಹಾಸು) ಜೊತೆಗೇ ಅಲ್ಲಾಡತ್ತೆ. ಅದಕ್ಕೆ ಹೊರಗಿನ ಇಟ್ಟಿಗೆ ಗೋಡೆಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕಿದ್ಯಾ, ಒಳಗೆ ರೂಮಿನ ಬಾಗಿಲು ಚೌಕಟ್ಟಿಗೆ ಸಿಕ್ಕಾಕೊಳ್ಳತ್ತಾ ಅಂತ ನಾನೇ ಒಂದೊಂದೂ ಹಾಕಿ ತೆಗೆದು ನೋಡ್ತೀನಿ. ಪಿಯರ್ (ನೆಲದೊಳಗಿನ ಆಸರೆ ಕಂಬ) ಹಾಕಿ ಸ್ಲ್ಯಾಬ್ ಎತ್ತಿದಾಗ ಕೆಳಗಿನ ಹಳೇ ಎರಕದ ಕಬ್ಬಿಣದ ಡ್ರೈನ್ ಪೈಪ್ ಒಡೆಯೋ ಚಾನ್ಸ್ ಇರತ್ತೆ, ಹಾಗಾಗಿ ಫೌಂಡೇಶನ್ ಖರ್ಚಿನ ಪಕ್ಕದಲ್ಲೇ ಪೈಪ್ ಖರ್ಚೂ ಬರೀತೀನಿ. ಇವೆರಡಕ್ಕೆ 20,000, ರೂಫ್, ಎ.ಸಿ., ಕಿಚನ್ ಮೂರಕ್ಕೆ 38,000, ಒಟ್ಟು 58,000 ಆಯ್ತು ಅಂದ್ರೆ 1,96,000ದಲ್ಲಿ ಅದನ್ನ ಕಳೆದು ಪಾರ್ಟಿ ಕೊಡೋದು 1,38,000, ನನ್ನ ಫೀ 10,000 ತೆಗೆದ್ರೆ ಮನೆ ಮಾರೋರಿಗೆ ನಾನು ಹೇಳೋ ರೇಟು 1,28,000.

ಆ ಹತ್ತು ಸಾವಿರ ಪೂರ್ತಿ ಲಾಭ ಅಂತ ದಯವಿಟ್ಟು ಅನ್ಕೋಬೇಡಿ. ಉತ್ತರನೇ ಬರದ ಪೋಸ್ಟ್‌ಕಾರ್ಡ್‌ಗಳು, ಓನರ್ ನಂಬರ್ ಹುಡುಕೋ ಸರ್ವೀಸು, ಪೆಟ್ರೋಲು ಎಲ್ಲಾ ಹಂಚಿ ಒಂದು ಡೀಲ್ ಮೇಲೆ 2,800 ಹಾಕಿದ್ರೆ ಉಳಿಯೋದು 7,200, ಅದ್ರಲ್ಲಿ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸೇ (ಸ್ವಂತ ಕೆಲಸದವರು ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಕಟ್ಟೋದು) ಸುಮಾರು ಸಾವಿರ, ಇನ್‌ಕಮ್ ಟ್ಯಾಕ್ಸ್ ಬೇರೆ. ಫೀ 5,000ಕ್ಕಿಂತ ಕೆಳಗೆ ಬರೋ ಹಾಗಿದ್ರೆ ನಾನು ಸೈನ್ ಮಾಡಲ್ಲ, ಮನೆ ಕಂಡೀಷನ್ ಚೆನ್ನಾಗಿದ್ರೆ ಏಜೆಂಟ್ ಮೂಲಕ ಲಿಸ್ಟ್ ಮಾಡಿ, ನಿಮಗೇ ಜಾಸ್ತಿ ಸಿಗತ್ತೆ ಅಂತ ಮನೆ ಮಾರೋರಿಗೆ ನೇರವಾಗಿ ಹೇಳಿಬಿಡ್ತೀನಿ.