ಫೌಜಿನಿಂದ ಬ್ಯಾಂಕಿನ ಕ್ಯಾಶ್ ಕೌಂಟರಿಗೆ: ನನ್ನ ಅನುಭವ

ಕಾರ್ಗಿಲ್ ಕಾಲದಲ್ಲಿ ಸೇವೆ ಮಾಡಿದ್ದಕ್ಕೆ ಬ್ಯಾಂಕ್ ಪರೀಕ್ಷೆಯಲ್ಲಿ ಹೆಚ್ಚು ಅಂಕ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಸಿಗುವುದು ಮೀಸಲಾತಿ ಮತ್ತು ವಯಸ್ಸಿನ ಸಡಿಲಿಕೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಯಲ್ಲಿ ಮಾಜಿ ಸೈನಿಕರಿಗೆ ಶೇ. 14.5, ಅದರೊಳಗೆ 4.5 ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಕಾರ್ಯಾಚರಣೆಯಲ್ಲಿ ಮಡಿದವರ ಅವಲಂಬಿತರಿಗೆ.

ವಯಸ್ಸಿನ ಲೆಕ್ಕ ಹೀಗೆ: ಸಾಮಾನ್ಯ ಮಿತಿ 28, ಅದಕ್ಕೆ ಸೇವೆಯ ವರ್ಷಗಳು, ಮೇಲೆ 3. ಅಂಗವಿಕಲರಾದ ಪರಿಶಿಷ್ಟ ಮಾಜಿ ಸೈನಿಕರಿಗೆ 3ರ ಬದಲು 8. ಏನೇ ಆದರೂ 50 ದಾಟುವಂತಿಲ್ಲ. 17 ವರ್ಷ ಸೇವೆ ಮಾಡಿದವನಿಗೆ 48ರ ತನಕ ಅವಕಾಶ. ಡಿಗ್ರಿ ಇಲ್ಲದಿದ್ದರೆ ಮೆಟ್ರಿಕ್ ಜೊತೆಗೆ ಸೈನ್ಯದ ವಿಶೇಷ ಶಿಕ್ಷಣ ಪ್ರಮಾಣಪತ್ರ ಮತ್ತು 15 ವರ್ಷದ ಸೇವೆ ಇರಬೇಕು. ನಮ್ಮ ಕಲಬುರಗಿ ಕಡೆಯವರು 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರವನ್ನೂ ಫೈಲಿಗೆ ಸೇರಿಸುತ್ತಾರೆ. ಅದು ರಾಜ್ಯದ ನೌಕರಿಗೆ, ಬ್ಯಾಂಕಿಗೆ ನಡೆಯದು.

ಬಹಳ ಜನ ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಮೀಸಲಾತಿಯಲ್ಲಿ ಒಂದು ನೌಕರಿಗೆ ಸೇರಿದರೆ ಮುಂದಿನದಕ್ಕೆ ಆ ಸೌಲಭ್ಯ ಹೋಗುತ್ತದೆ. ಸೇರುವ ಮೊದಲೇ ಬೇರೆ ಕಡೆ ಅರ್ಜಿ ಹಾಕಿದ್ದರೆ, ಯಾವ ಹುದ್ದೆಗೆ ಯಾವ ತಾರೀಖಿಗೆ ಹಾಕಿದ್ದು ಎಂಬ ಪಟ್ಟಿಯನ್ನು ಸೇರಿದ ಕೂಡಲೇ ಬರೆದುಕೊಡಬೇಕು. 2014ರ ಕೇಂದ್ರದ ಆದೇಶ ಇದಕ್ಕೆ ಅವಕಾಶ ಕೊಟ್ಟಿದೆ. ನಾನು ಅರ್ಜಿಗಳ ಪ್ರಿಂಟ್ ತಾರೀಖಿನ ಸಾಲಿನಲ್ಲಿ ಇಟ್ಟುಕೊಂಡಿದ್ದರಿಂದ ಈ ಕೆಲಸ ಹಗುರಾಯಿತು.

ಕ್ಲರ್ಕ್ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್ 100 ಅಂಕ: ಇಂಗ್ಲಿಷ್ 30, ಲೆಕ್ಕ 35, ರೀಸನಿಂಗ್ 35, ತಲಾ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. ಗೊತ್ತಿಲ್ಲದ್ದನ್ನು ಬಿಡುವುದೇ ವಾಸಿ.

ಕೌಂಟರಿನಲ್ಲಿ ಅಸಲಿ ಕೆಲಸ. ತೊಗರಿ ಮಾರಾಟ ಶುರುವಾದರೆ ಡಿಸೆಂಬರ್, ಜನವರಿಯಲ್ಲಿ ಧೂಳು ಮೆತ್ತಿದ ರೊಕ್ಕ ಬರುತ್ತದೆ. ಆ ಧೂಳಿಗೆ ಎಣಿಕೆ ಯಂತ್ರ ಎರಡು ನೋಟನ್ನು ಒಂದೆಂದು ಎಣಿಸಬಹುದು, ಆದ್ದರಿಂದ ಒಮ್ಮೆ ಯಂತ್ರ, ಒಮ್ಮೆ ಕೈ. 100 ನೋಟಿಗೆ ಒಂದು ಪ್ಯಾಕೆಟ್, 10 ಪ್ಯಾಕೆಟ್‌ಗೆ ಒಂದು ಬಂಡಲ್. ಸ್ಟೇಪಲ್ ಹೊಡೆಯಬಾರದು, ಕಾಗದದ ಪಟ್ಟಿಯೇ ಸಾಕು. ಗ್ರಾಹಕ ಎದುರಿಗಿದ್ದಾಗಲೇ ಎಣಿಸಿ ಮುಗಿಸಬೇಕು. ಅವರು ಹೊರಟ ಮೇಲೆ ಕೊರತೆ ಸಿಕ್ಕರೆ ಅದು ಕ್ಲರ್ಕಿನ ತಲೆಗೆ.

ಹರಿದ ನೋಟು 50 ರೂಪಾಯಿ ಅಥವಾ ಮೇಲಿನದಾದರೆ ದೊಡ್ಡ ತುಂಡನ್ನು ಅಳೆಯುತ್ತೇನೆ: ಶೇ. 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, 40ರಿಂದ 80ಕ್ಕೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಖೋಟಾ ನೋಟನ್ನು ಮಾತ್ರ, ಗ್ರಾಹಕ ಎಷ್ಟೇ ಪರಿಚಯದವನಾದರೂ, ವಾಪಸ್ ಕೊಡುವಂತಿಲ್ಲ. ಕೊಟ್ಟರೆ ಬ್ಯಾಂಕೇ ಚಲಾವಣೆಗೆ ಕೈ ಜೋಡಿಸಿದಂತೆ. ಮುದ್ರೆ ಒತ್ತಿ, ರಸೀದಿ ಕೊಟ್ಟು, ರಿಜಿಸ್ಟರಿಗೆ ಏರಿಸಬೇಕು. ಒಂದೇ ವ್ಯವಹಾರದಲ್ಲಿ 4ರ ತನಕ ಇದ್ದರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ, 5 ಅಥವಾ ಹೆಚ್ಚಾದರೆ ತಕ್ಷಣ ಎಫ್‌ಐಆರ್‌ಗೆ.

ನವೆಂಬರ್‌ನಲ್ಲಿ ಮಾಜಿ ಸೈನಿಕರು ಜೀವಿತ ಪ್ರಮಾಣಕ್ಕೆ, ಅಂದರೆ ಪಿಂಚಣಿದಾರ ಬದುಕಿದ್ದಾನೆ ಎಂಬ ಪ್ರಮಾಣಪತ್ರಕ್ಕೆ, ಬರುತ್ತಾರೆ. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುವುದರಿಂದ ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಆಧಾರ್, ಮೊಬೈಲ್ ಮೂರೂ ಜೊತೆಗೆ ತರಲು ಹೇಳುತ್ತೇನೆ. ಬೆರಳಿನ ಗುರುತು ಸವೆದಿದ್ದರೆ ಮುಖದ ಗುರುತಿನಿಂದಲೂ ಕೆಲಸ ಆಗುತ್ತದೆ.