ನಿಂತು ಕೆಲಸ ಮಾಡುವ ಮೇಜಿಗೆ ಏನೇನು ಬೇಕು, ಏನೇನು ಬೇಡ

ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಮೈಸೂರಿನಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಕುವೆಂಪುನಗರವಿರಲಿ, ವಿಜಯನಗರವಿರಲಿ, ಮಲಗುವ ಕೋಣೆಯ ಒಂದು ಮೂಲೆ ಆಫೀಸಾಗಿದೆ. ಸೊಂಟ ಹಿಡಿಯುತ್ತದೆ, ಕತ್ತು ನೋಯುತ್ತದೆ ಎಂದು ಹಲವರು ಏರಿಸಿ ಇಳಿಸುವ ಮೇಜು ತರಿಸಿಕೊಂಡಿದ್ದಾರೆ. ಅದೇ, ಸ್ಟ್ಯಾಂಡಿಂಗ್ ಡೆಸ್ಕ್. ಮೇಜು ಬಂದ ಮೇಲೆ ಅದರ ಜೊತೆಗಿನ ಸಾಮಾನುಗಳ ಸರದಿ. ಕಾಲಡಿಗೆ ಹಾಸುವ ಮ್ಯಾಟು, ಪರದೆಯನ್ನು ಎತ್ತಿ ಹಿಡಿಯುವ ಮಾನಿಟರ್ ಆರ್ಮ್, ವೈರು ಇಡುವ ಟ್ರೇ, ಡ್ರಾಯರ್, ಲೈಟು. ಕಂಡಿದ್ದೆಲ್ಲ ಕೊಳ್ಳುತ್ತಾ ಹೋದರೆ ಮೇಜಿನಷ್ಟೇ ಖರ್ಚಾಗುತ್ತದೆ.

ಯಾವುದನ್ನು ಕೊಳ್ಳಬೇಕು ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು. ಈ ವಸ್ತು ಬಂದ ಮೇಲೆ ನಾನು ಮೇಜನ್ನು ಹೆಚ್ಚು ಸಲ ಏರಿಸಿ ಇಳಿಸುತ್ತೇನಾ, ಅಥವಾ ಕಡಿಮೆ ಸಲವಾ? ಏರಿಸುವುದು ಸಲೀಸಾಗುವುದಾದರೆ ತನ್ನಿ. ಏರಿಸುವ ಮೊದಲು ಏನನ್ನೋ ಎತ್ತಿಡಬೇಕು, ಯಾವುದೋ ವೈರು ಬಿಡಿಸಬೇಕು ಅನ್ನುವಂತಿದ್ದರೆ ಬಿಡಿ.

ಯಾಕೆಂದರೆ ಲಾಭ ಇರುವುದು ಭಂಗಿ ಬದಲಿಸುವುದರಲ್ಲಿ. ಸುಮ್ನೆ ನಿಂತರೆ ತೂಕ ಇಳಿಯುತ್ತದೆ ಎಂದು ನಂಬಿದವರಿದ್ದಾರೆ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ಕೂರುವುದಕ್ಕಿಂತ ನಿಂತರೆ ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ ಮಾತ್ರ ಹೆಚ್ಚು ಖರ್ಚಾಗುತ್ತದೆ ಎಂದು ಕಂಡುಬಂತು. ಅಂದರೆ ಗಂಟೆಗೆ 9 ಕ್ಯಾಲೊರಿ. ಅಷ್ಟಕ್ಕೆ ಯಾರೂ ಸಣ್ಣಗಾಗುವುದಿಲ್ಲ. ಇನ್ನು ದಿನವಿಡೀ ಅಲುಗಾಡದೆ ನಿಂತರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಪಾದ ಊದುತ್ತದೆ, ಸೊಂಟ ಬಿಗಿಯುತ್ತದೆ. ಕೆಲಸದ ಜಾಗ ಮೈಗೆ ಹೊಂದುವಂತೆ ಹೇಗಿರಬೇಕು ಎಂದು ಅಧ್ಯಯನ ಮಾಡಿದ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ಹೆಡ್ಜ್ ಅವರು ಹೇಳಿದ ಲೆಕ್ಕ ಸುಲಭವಾಗಿದೆ: ಅರ್ಧ ಗಂಟೆಯಲ್ಲಿ 20 ನಿಮಿಷ ಕೂರಿ, 8 ನಿಮಿಷ ನಿಲ್ಲಿ, 2 ನಿಮಿಷ ಓಡಾಡಿ. ಅಷ್ಟು ಸಲ ಮೇಜು ಏರಿಳಿಯಬೇಕು ಎಂದಾದರೆ, ಅದಕ್ಕೆ ಅಡ್ಡಿ ಮಾಡುವ ಯಾವ ಸಾಮಾನೂ ಮೇಜಿನ ಹತ್ತಿರ ಇರಬಾರದು.

ಹೆಜ್ಜೆ 1: ಮೊದಲು ಟೇಪು ಹಿಡಿಯಿರಿ

ಬರಿಗಾಲಲ್ಲಿ ನೇರವಾಗಿ ನಿಂತು ಮೊಣಕೈಯನ್ನು 90 ಡಿಗ್ರಿ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟಿದೆ ಎಂದು ಮನೆಯವರ ಹತ್ತಿರ ಅಳತೆ ಮಾಡಿಸಿ. ಐದೂವರೆ ಅಡಿ ಎತ್ತರದವರಿಗೆ ಇದು ಸುಮಾರು 105 ಸೆಂಟಿಮೀಟರ್ ಬರುತ್ತದೆ. ಕೀಬೋರ್ಡ್ ಇರಬೇಕಾದ್ದು ಈ ಎತ್ತರದಲ್ಲಿ, ಅಥವಾ ಒಂದೆರಡು ಸೆಂಟಿಮೀಟರ್ ಕೆಳಗೆ. ಕೂತಾಗಿನ ಅಳತೆಯನ್ನೂ ಬರೆದುಕೊಳ್ಳಿ.

ಕೆಲವರು ಹೊಸ ಮೇಜು ಯಾಕೆ ಎಂದು ಲ್ಯಾಪ್‌ಟಾಪನ್ನು ಅಡುಗೆ ಕಟ್ಟೆ ಮೇಲಿಟ್ಟು ನಿಂತು ನೋಡುತ್ತಾರೆ. ನಮ್ಮ ಅಡುಗೆ ಕಟ್ಟೆಗಳು ಸಾಮಾನ್ಯವಾಗಿ 32ರಿಂದ 34 ಇಂಚು, ಅಂದರೆ 85 ಸೆಂಟಿಮೀಟರ್ ಆಸುಪಾಸು. ಟೈಪ್ ಮಾಡಲು ಅದು ತಗ್ಗು. ಹತ್ತು ನಿಮಿಷದಲ್ಲಿ ಭುಜ ಬಾಗುತ್ತದೆ.

ಮೇಜಿನ ಹಿಂದಿನ ಗೋಡೆಯನ್ನೂ ನೋಡಿ. ನಮ್ಮ ಮನೆಗಳಲ್ಲಿ ಸ್ವಿಚ್ ಬೋರ್ಡು ಎಷ್ಟೋ ಕಡೆ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಮೇಜು ಮೇಲೇರುವಾಗ ಅದರ ಅಂಚು ಸರಿಯಾಗಿ ಪ್ಲಗ್ಗಿಗೆ ಹೋಗಿ ತಗಲುತ್ತದೆ. ಗೋಡೆ ಶೆಲ್ಫು, ಒಳಗೆ ತೆರೆಯುವ ಕಿಟಕಿ ಬಾಗಿಲು, ಕಿಟಕಿಯ ಕೆಳಗೆ ಮುಂದಕ್ಕೆ ಚಾಚಿದ ಕಲ್ಲು, ಎಲ್ಲಕ್ಕೂ ಇದೇ ಕಥೆ. ಗೋಡೆಯಿಂದ ಒಂದು ಮುಷ್ಟಿಯಷ್ಟಾದರೂ ಜಾಗ ಬಿಡಿ.

ಹೆಜ್ಜೆ 2: ಪಾದದಿಂದ ಶುರು ಮಾಡಿ

ಒಂದೇ ಒಂದು ವಸ್ತು ಕೊಳ್ಳಲು ದುಡ್ಡಿದೆ ಎಂದರೆ ನಾನು ಮ್ಯಾಟ್ ಎನ್ನುತ್ತೇನೆ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲವಿರಲಿ, ಹೊಸ ಮನೆಯ ಟೈಲ್ಸು, ಗ್ರಾನೈಟಿರಲಿ, ಎಲ್ಲವೂ ಕಲ್ಲಿನಷ್ಟೇ ಗಟ್ಟಿ. ಅದರ ಮೇಲೆ ಬರಿಗಾಲಲ್ಲಿ ನಿಂತರೆ ಮೊದಲು ಸೋಲುವುದು ಹಿಮ್ಮಡಿ. ಆಮೇಲೆ ನಾವೇ ಮೇಜು ಏರಿಸುವುದನ್ನು ಬಿಡುತ್ತೇವೆ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಮೇಜುಗಳ ಬಗ್ಗೆ ಹೊರದೇಶದವರು ಕೊಡುವ ಸಲಹೆಗಳಲ್ಲಿ ಕಾಲಿಗೆ ಶೂ ಇದೆ ಎಂದೇ ಲೆಕ್ಕ. ನಾವು ಮನೆಯೊಳಗೆ ಚಪ್ಪಲಿ ಕೂಡ ಹಾಕುವುದಿಲ್ಲ, ಅಲ್ವಾ? ಹಾಗಾಗಿ ನಮಗೆ ಮ್ಯಾಟ್ ಇನ್ನೂ ಮುಖ್ಯ. ಮೇಲ್ಮೈ ಚುಚ್ಚುವಂತಿರಬಾರದು, ಬೆವರಿದರೆ ಅಂಟಬಾರದು.

ನಿಂತು ಕೆಲಸ ಮಾಡಲೆಂದೇ ಮಾಡಿದ ಮ್ಯಾಟುಗಳನ್ನು ಆಂಟಿ ಫಟೀಗ್ ಮ್ಯಾಟ್ ಎಂದು ಮಾರುತ್ತಾರೆ. ಒಳ್ಳೆಯದು ಸುಮಾರು ಮುಕ್ಕಾಲು ಇಂಚು, ಅಂದರೆ 18ರಿಂದ 20 ಮಿಲಿಮೀಟರ್ ದಪ್ಪ ಇರುತ್ತದೆ. ಅದು ಸ್ವಲ್ಪ ಒತ್ತಿಕೊಳ್ಳುತ್ತದೆ, ಪೂರ್ತಿ ಕುಸಿಯುವುದಿಲ್ಲ. ಆ ಚೂರು ಒತ್ತಡಕ್ಕೆ ಪಾದ ಮತ್ತು ಮೀನಖಂಡದ ಸ್ನಾಯುಗಳು ನಮಗೆ ಗೊತ್ತಾಗದಂತೆ ಅಲುಗುತ್ತಿರುತ್ತವೆ. ಅವು ಅಲುಗಿದಷ್ಟೂ ಕಾಲಿನ ರಕ್ತ ಮೇಲೆ ಹೋಗಲು ಸಹಾಯ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿ. ಬೆರಳು ತಳ ಮುಟ್ಟಿದರೆ ಬೇಡ. ಹಾಸಿಗೆಯ ಫೋಮಿನಷ್ಟು ಮೆತ್ತಗಿದ್ದರೂ ಬೇಡ, ಹಿಮ್ಮಡಿ ಓಲಾಡಿ ಮಂಡಿ ನೋಯುತ್ತದೆ.

ಯೋಗದ ಊರಿನಲ್ಲಿ ಮನೆಗೊಂದು ಯೋಗ ಮ್ಯಾಟ್ ಇರುತ್ತದೆ. ಅದನ್ನೇ ಹಾಸಿಕೊಳ್ಳಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಯೋಗ ಮ್ಯಾಟಿನ ಕೆಲಸ ಕೈಕಾಲು ಜಾರದಂತೆ ಹಿಡಿಯುವುದು. ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪ. ನಾಲ್ಕು ದಿನ ಅಭ್ಯಾಸಕ್ಕೆ ಅದನ್ನೇ ಎರಡು ಮಡಿಕೆ ಮಾಡಿ ಹಾಸಿ ನೋಡಿ, ತಪ್ಪಿಲ್ಲ. ಆದರೆ ಅದನ್ನೇ ಕಾಯಂ ಮಾಡಿಕೊಳ್ಳಬೇಡಿ.

ಕೊಳ್ಳುವಾಗ ಇನ್ನೆರಡು ನೋಡಿ. ಒಂದು, ಅಂಚು ಇಳಿಜಾರಾಗಿರಬೇಕು. ಅಜ್ಜ ಅಜ್ಜಿ ಇರುವ ಮನೆಯಲ್ಲಿ ನೇರ ಅಂಚು ಎಡವಲು ದಾರಿ. ಇನ್ನೊಂದು, ದಿನಾ ನೆಲ ಒರೆಸುವ ಮನೆಗಳು ನಮ್ಮವು. ಮ್ಯಾಟನ್ನು ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸುವಂತಿರಬೇಕು. ಒದ್ದೆ ನೆಲದ ಮೇಲೆ ಹಾಸಿಟ್ಟರೆ ವಾಸನೆ ಬರುತ್ತದೆ, ನುಣುಪು ಟೈಲ್ಸ್ ಮೇಲೆ ಜಾರುತ್ತದೆ ಕೂಡ. ಕೂರುವ ಹೊತ್ತಿಗೆ ಅದು ಕುರ್ಚಿಯ ಗಾಲಿಗೆ ಅಡ್ಡ ಬರುವುದೂ ಉಂಟು. ಕಾಲಿನಲ್ಲೇ ಮೇಜಿನಡಿಗೆ ತಳ್ಳುವಷ್ಟು ಚಿಕ್ಕದಿದ್ದರೆ ಒಳ್ಳೆಯದು. ಮ್ಯಾಟ್ ಹಾಸಿದ ಮೇಲೆ ನೀವು ಎರಡು ಸೆಂಟಿಮೀಟರ್ ಎತ್ತರವಾಗುತ್ತೀರಿ, ಮೇಜನ್ನೂ ಅಷ್ಟು ಏರಿಸಿ.

ಕಾಲಿಡಲು ಫುಟ್‌ರೆಸ್ಟ್ ಬೇಕೇ? ಬೇಕು, ಆದರೆ ಕೊಳ್ಳಬೇಡಿ. ಅಟ್ಟದಲ್ಲಿ ಹಳೆಯ ಮಣೆ ಇರುತ್ತದೆ, ಕೆಳಗಿಳಿಸಿ. ಒಂದು ಕಾಲನ್ನು ಅದರ ಮೇಲಿಟ್ಟು ನಿಂತು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸಿದರೆ ಸೊಂಟದ ಬಿಗಿ ಸಡಿಲಾಗುತ್ತದೆ. ಮಣೆ ತೀರಾ ತಗ್ಗು ಅನ್ನಿಸಿದರೆ ಎರಡು ಜೋಡಿಸಿ ಬಡಗಿಯ ಹತ್ತಿರ ಮೊಳೆ ಹೊಡೆಸಿ. 10ರಿಂದ 15 ಸೆಂಟಿಮೀಟರ್ ಎತ್ತರ ಹಿತವಾಗಿರುತ್ತದೆ.

ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಲ್ಲಿ ನಿಲ್ಲಬಾರದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಕಾಲಿನ ನರ ಉಬ್ಬಿದವರು, ಗರ್ಭಿಣಿಯರು, ಮಂಡಿ ಸವೆದವರು ಡಾಕ್ಟರನ್ನು ಕೇಳಿಯೇ ನಿಲ್ಲುವ ಹೊತ್ತು ಗೊತ್ತು ಮಾಡಿಕೊಳ್ಳಬೇಕು.

ಹೆಜ್ಜೆ 3: ಪರದೆ ಕಣ್ಣಿನ ಮಟ್ಟಕ್ಕೆ

ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡು ನಿಂತು ಕೆಲಸ ಮಾಡುವುದು ಆಗದ ಮಾತು. ಕೈಗೆ ಸರಿಯಾದರೆ ಪರದೆ ತಗ್ಗು, ಕಣ್ಣಿಗೆ ಸರಿಯಾದರೆ ಕೈ ಎತ್ತರ. ಹಾಗಾಗಿ ಲ್ಯಾಪ್‌ಟಾಪಿಗೆ ಒಂದು ಸ್ಟ್ಯಾಂಡು, ಜೊತೆಗೆ ಬೇರೆ ಕೀಬೋರ್ಡ್ ಮತ್ತು ಮೌಸ್ ಬೇಕೇ ಬೇಕು. ಸ್ಟ್ಯಾಂಡ್ ಕೊಳ್ಳುವ ಮುಂಚೆ ಹಳೆಯ ಪುಸ್ತಕಗಳನ್ನು ಪೇರಿಸಿ ಒಂದು ವಾರ ನೋಡಿ. ಸರಿಯಾದ ಎತ್ತರ ಗೊತ್ತಾಗುತ್ತದೆ. ಆಮೇಲೆ ಅಷ್ಟೇ ಎತ್ತರದ್ದು ತನ್ನಿ.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು. ದೂರ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್. ನಲವತ್ತು ದಾಟಿ ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಈ ನಿಯಮ ಹೊಂದುವುದಿಲ್ಲ. ಹತ್ತಿರದ್ದನ್ನು ನೋಡುವ ಭಾಗ ಕನ್ನಡಕದ ಕೆಳಗಿರುವುದರಿಂದ ಅವರು ಗದ್ದ ಎತ್ತಿ ಓದುತ್ತಾರೆ, ಸಂಜೆಗೆ ಕತ್ತು ಹಿಡಿಯುತ್ತದೆ. ಅಂಥವರು ಪರದೆಯನ್ನು ಇನ್ನಷ್ಟು ಇಳಿಸಿ ಸ್ವಲ್ಪ ಹಿಂದಕ್ಕೆ ಬಾಗಿಸಿಕೊಳ್ಳಬೇಕು.

ಮಾನಿಟರ್ ಆರ್ಮ್ ಒಳ್ಳೆಯ ಖರೀದಿ. ಗಂಡ ಹೆಂಡತಿ ಇಬ್ಬರೂ ಒಂದೇ ಮೇಜು ಬಳಸುವ ಮನೆಯಲ್ಲಂತೂ ಪರದೆಯನ್ನು ಒಂದು ಕೈಯಲ್ಲಿ ಮೇಲೆ ಕೆಳಗೆ ಮಾಡಬಹುದು. ಆದರೆ ಕೊಳ್ಳುವ ಮೊದಲು ಮೂರು ಪರೀಕ್ಷೆ. ಮಾನಿಟರಿನ ಬೆನ್ನಿನಲ್ಲಿ ನಾಲ್ಕು ಸ್ಕ್ರೂ ತೂತುಗಳಿವೆಯೇ? ಅವುಗಳ ಅಂತರ 75 ಅಥವಾ 100 ಮಿಲಿಮೀಟರ್ ಇದ್ದರೆ ಹೆಚ್ಚಿನ ಆರ್ಮ್‌ಗಳು ಹೊಂದುತ್ತವೆ. ಎರಡನೆಯದು ಮಾನಿಟರಿನ ತೂಕ. ಒಳಗಿನ ಗ್ಯಾಸಿನ ಒತ್ತಡದಿಂದ ಪರದೆಯನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಪ್ರಿಂಗ್ ಆರ್ಮ್‌ಗಳಿಗೆ ಗರಿಷ್ಠ ತೂಕದ ಹಾಗೆಯೇ ಕನಿಷ್ಠ ತೂಕವೂ ಇದೆ. ಮಾನಿಟರ್ ಅದಕ್ಕಿಂತ ಹಗುರವಾದರೆ ಕೈ ಬಿಟ್ಟ ಕೂಡಲೇ ಮೇಲಕ್ಕೆ ಹೋಗುತ್ತದೆ. ಮೂರನೆಯದು ಮೇಜಿನ ಹಲಗೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ ಆರ್ಮಿನ ಕ್ಲ್ಯಾಂಪ್ ಬಿಗಿದರೆ ಹಲಗೆ ಜಜ್ಜಿಹೋಗುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಒಂದೊಂದು ಕಬ್ಬಿಣದ ತಗಡು ಕೊಟ್ಟು ಬಿಗಿಯಿರಿ, ವೆಲ್ಡಿಂಗ್ ಅಂಗಡಿಯಲ್ಲಿ ತುಂಡು ಕತ್ತರಿಸಿ ಕೊಡುತ್ತಾರೆ. ಮೇಜು ಪೂರ್ತಿ ಏರಿದಾಗ ಈಗಾಗಲೇ ಅಲುಗುತ್ತಿದ್ದರೆ ಆರ್ಮ್ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಮೊದಲು ಕಾಲಿನ ಕೆಳಗಿನ ಲೆವೆಲಿಂಗ್ ಸ್ಕ್ರೂ ತಿರುಗಿಸಿ ನಾಲ್ಕೂ ಮೂಲೆ ನೆಲಕ್ಕೆ ಕೂರಿಸಿ.

ಕಿಟಕಿ ನಿಮ್ಮ ಬೆನ್ನ ಹಿಂದೆಯೂ ಬೇಡ, ಎದುರಿಗೂ ಬೇಡ. ಪಕ್ಕದಲ್ಲಿರಲಿ.

ಹೆಜ್ಜೆ 4: ಕೈಗೆ

ಇದರಲ್ಲಿ ಹೇಳುವುದು ಕಡಿಮೆ. ಕೀಬೋರ್ಡ್ ತೆಳುವಾಗಿರಲಿ, ಹಿಂದಿನ ಎರಡು ಕಾಲುಗಳನ್ನು ಮಡಚಿಡಿ, ಮಣಿಕಟ್ಟು ಮೇಲಕ್ಕೆ ಬಾಗದಿರಲಿ. ಮೌಸ್ ಅದರ ಪಕ್ಕದಲ್ಲೇ. ವೈರಿಲ್ಲದ್ದಾದರೆ ಏರಿಳಿತಕ್ಕೆ ಒಂದು ತೊಡಕು ಕಡಿಮೆ.

ಹೆಜ್ಜೆ 5: ವೈರು, ಕರೆಂಟು

ಹೆಚ್ಚಿನವರು ಕೊನೆಗೆ ಯೋಚಿಸುವುದು ಇದನ್ನೇ. ಮೇಜು ಏರಿಸುವುದು ನಿಂತುಹೋಗುವುದೂ ಇದರಿಂದಲೇ. ಮೇಜು 70ರಿಂದ 120 ಸೆಂಟಿಮೀಟರಿಗೆ ಏರಿದರೆ ಅದರ ಜೊತೆ ಪ್ರತಿ ವೈರೂ ಅರ್ಧ ಮೀಟರ್ ಮೇಲೆ ಹೋಗಬೇಕು. ಒಂದು ವೈರು ಗಿಡ್ಡವಾದರೂ ಮಾನಿಟರ್ ಎಳೆದುಕೊಂಡು ಬೀಳಬಹುದು.

ಇದಕ್ಕೆ ಸರಿಯಾದ ದಾರಿ, ಎಕ್ಸ್‌ಟೆನ್ಷನ್ ಬೋರ್ಡನ್ನೇ ಮೇಜಿನ ಹಲಗೆಯ ಕೆಳಗೆ ಸ್ಕ್ರೂ ಹಾಕಿ ಕೂರಿಸುವುದು. ಚಾರ್ಜರ್, ಮಾನಿಟರ್, ಲೈಟು ಎಲ್ಲ ಅಲ್ಲಿಗೇ. ಗೋಡೆಗೆ ಹೋಗುವುದು ಒಂದೇ ವೈರು. ಅದು ಎರಡರಿಂದ ಮೂರು ಮೀಟರ್ ಇರಲಿ. ಬೋರ್ಡಿಗೆ ಐಎಸ್‌ಐ ಗುರುತಿರಲಿ, ಪ್ಲಗ್ಗಿಗೆ ಮೂರು ಪಿನ್ ಇರಲಿ. ಮಿಕ್ಕ ವೈರುಗಳಿಗೆ ಒಂದು ತಂತಿ ಟ್ರೇ ಸಾಕು. ಸ್ಕ್ರೂ ಹಲಗೆಯ ದಪ್ಪಕ್ಕಿಂತ ಗಿಡ್ಡವಾಗಿರಬೇಕು, ಇಲ್ಲವಾದರೆ ಮೇಲೆ ತೂರಿ ಬರುತ್ತದೆ.

ದೊಡ್ಡ ಸಿಪಿಯು ಇದ್ದವರು ಅದನ್ನು ನೆಲದ ಮೇಲಿಟ್ಟರೆ ಎಲ್ಲ ಕೇಬಲ್ಲೂ ಉದ್ದದ್ದು ಬೇಕು. ನೆಲ ಒರೆಸುವ ನೀರು, ದೂಳು ಬೇರೆ. ಮೇಜಿನ ಕೆಳಗೆ ತೂಗುಹಾಕುವ ಹೋಲ್ಡರ್ ಸಿಗುತ್ತದೆ, ಅದು ಉಪಯೋಗಕ್ಕೆ ಬರುವ ವಸ್ತು. ತೂಕ ಮಾತ್ರ ಲೆಕ್ಕ ಹಾಕಿ. ಒಂದೇ ಮೋಟಾರಿನ ಮೇಜುಗಳು ಸಾಮಾನ್ಯವಾಗಿ 70ರಿಂದ 80 ಕಿಲೋ ಎತ್ತುತ್ತವೆ. ಅದರಲ್ಲಿ ಹಲಗೆಯ ತೂಕವೂ ಸೇರಿರುತ್ತದೆ.

ಯುಪಿಎಸ್ ಇದ್ದರೆ ಒಂದೇ ವೈರಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದು ನೆಲದ ಮೇಲೇ ಇರಲಿ. ವೈಫೈ ರೂಟರ್, ಮಾನಿಟರ್ ಅದಕ್ಕೆ ಕೊಡಿ. ಮೇಜಿನ ಮೋಟಾರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ, ಚಿಕ್ಕ ಯುಪಿಎಸ್ ಮೇಲೆ ಆ ಹೊರೆ ಬೇಡ. ಮೇಜು ಏರುತ್ತಿರುವಾಗಲೇ ಕರೆಂಟು ಹೋಗಿ ಬಂದರೆ ಕೆಲವು ಮೇಜುಗಳು ತಾವು ಎಲ್ಲಿದ್ದೆವು ಎಂಬುದನ್ನೇ ಮರೆಯುತ್ತವೆ, ಬಟನ್ ಒತ್ತಿದರೂ ಏರುವುದಿಲ್ಲ. ಗಾಬರಿ ಬೇಡ. ಕೆಳಗಿಳಿಸುವ ಬಟನ್ ಒತ್ತಿ ಹಿಡಿದುಕೊಳ್ಳಿ, ಮೇಜು ತೀರಾ ತಳಕ್ಕೆ ಬಂದ ಮೇಲೂ ಕೆಲವು ಸೆಕೆಂಡು ಬಿಡಬೇಡಿ. ಹೆಚ್ಚಿನವು ಹಾಗೆ ರೀಸೆಟ್ ಆಗುತ್ತವೆ. ನಿಮ್ಮದಕ್ಕೆ ಬೇರೆ ಕ್ರಮವಿದೆಯೇ ಎಂದು ಪುಸ್ತಕದಲ್ಲಿ ನೋಡಿ, ಆ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೈಸೂರಿಗೆ ವಿದ್ಯುತ್ ಕೊಡುವ ಸೆಸ್ಕ್‌ನವರು ಕರೆಂಟು ತೆಗೆಯುವ ದಿನ ಮುಂಚೆಯೇ ಗೊತ್ತಿದ್ದರೆ ಬೆಳಗ್ಗೆಯೇ ಮೇಜನ್ನು ಕೂರುವ ಎತ್ತರಕ್ಕೆ ಇಳಿಸಿಡುವುದು ಜಾಣತನ.

ಹೆಜ್ಜೆ 6: ಇವು ಬೇಡ

ಮೇಜಿನ ಕೆಳಗೆ ಹಾಕುವ ಆಳದ ಡ್ರಾಯರ್ ಬೇಡ, ಕೂತಾಗ ತೊಡೆಗೆ ತಗಲುತ್ತದೆ. ಓಲಾಡುವ ಬ್ಯಾಲೆನ್ಸ್ ಬೋರ್ಡು ಫೋನಿನಲ್ಲಿ ಮಾತಾಡುವಾಗ ಸರಿ, ಟೈಪ್ ಮಾಡುವಾಗ ಗಮನವೆಲ್ಲ ಕಾಲಿಗೇ ಹೋಗುತ್ತದೆ. ಮೇಜಿನಡಿಯ ಟ್ರೆಡ್‌ಮಿಲ್ ಕೊಳ್ಳುವ ದುಡ್ಡಿದ್ದರೆ ಒಳ್ಳೆಯ ಕುರ್ಚಿ ತನ್ನಿ. ದಿನದ ಹೆಚ್ಚು ಹೊತ್ತು ನೀವು ಕೂತೇ ಇರುತ್ತೀರಿ. ನಡೆಯುವ ಆಸೆ ಇದ್ದವರಿಗೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆಯಲ್ಲ.

ಹೆಜ್ಜೆ 7: ಒಮ್ಮೆ ಪೂರ್ತಿ ಏರಿಸಿ ನೋಡಿ

ಎಲ್ಲ ಜೋಡಿಸಿದ ಮೇಲೆ ಮೇಜನ್ನು ತಳದಿಂದ ತುದಿವರೆಗೆ ನಿಧಾನವಾಗಿ ಏರಿಸಿ. ಬಟನ್ ಮೇಲೆ ಬೆರಳು, ಕಣ್ಣು ವೈರುಗಳ ಮೇಲೆ. ಯಾವುದಾದರೂ ಬಿಗಿಯಾಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಸಡಿಲ ಮಾಡಿ. ಇಳಿಸುವಾಗ ಕುರ್ಚಿಯ ಕೈ ಮೇಜಿನ ಕೆಳಗೆ ಸಿಕ್ಕಿಲ್ಲ ಎಂದು ನೋಡಿಕೊಳ್ಳಿ, ಹೆಚ್ಚು ಸಲ ಸಿಕ್ಕಿಬೀಳುವುದು ಅದೇ. ಮಕ್ಕಳಿರುವ ಮನೆಯಾದರೆ ಬಟನ್ ಲಾಕ್ ಹಾಕಿಡಿ. ಎರಡು ಎತ್ತರಗಳನ್ನು ಮೆಮೊರಿ ಬಟನ್ನಿಗೆ ಕೂರಿಸಿ, 1 ಕೂರಲು, 2 ನಿಲ್ಲಲು. ಮೊದಲ ವಾರ ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ತಿಂಗಳು ಕಳೆದ ಮೇಲೆ ಅಲೆನ್ ಕೀ ತೆಗೆದುಕೊಂಡು ಕಾಲುಗಳ ಬೋಲ್ಟು, ಆರ್ಮಿನ ಕ್ಲ್ಯಾಂಪ್ ಮತ್ತೊಮ್ಮೆ ಬಿಗಿಯಿರಿ. ಏರಿಳಿದು ಅವು ಸಡಿಲಾಗಿರುತ್ತವೆ.